ಮಹಾಶಂಖದ ಒಳಗೇನಿದೆ?

ಎಕ್ಸೆಲ್ ಹಾಳೆಯೊಂದನ್ನು ತೆರೆದು, ಖಾಲಿ ಚೌಕದಲ್ಲಿ 18446744073709551615 ಎಂದು ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಆಮೇಲೆ ಆ ಚೌಕದ ಮೇಲೆ ಕ್ಲಿಕ್ ಮಾಡಿ ಮೇಲಿನ ಪಟ್ಟಿಯತ್ತ ಕಣ್ಣು ಹಾಯಿಸಿದರೆ ಅಲ್ಲಿ ಕಾಣುವುದು 18446744073709500000. ಕೊನೆಯ ಐದು ಅಂಕಿಗಳಾದ 51615 ಮಾಯವಾಗಿ, ಆ ಜಾಗದಲ್ಲಿ ಐದು ಸೊನ್ನೆಗಳು ಕೂತಿರುತ್ತವೆ. ಎಕ್ಸೆಲ್ ಒಂದು ಸಂಖ್ಯೆಯ ಹದಿನೈದು ಅಂಕಿಗಳನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ, ಉಳಿದದ್ದನ್ನು ಸೊನ್ನೆ ಮಾಡಿಬಿಡುತ್ತದೆ.

ದುಡ್ಡಿನ ಲೆಕ್ಕಕ್ಕೆ ಹದಿನೈದು ಅಂಕಿ ಧಾರಾಳವಾಯಿತು. ಈ ಸಂಖ್ಯೆಗೆ ಮಾತ್ರ ಸಾಲದು. ಇದರ ಸ್ವಭಾವವೆಲ್ಲ ಕೊನೆಯ ಅಂಕಿಯವರೆಗೂ ಹರಡಿಕೊಂಡಿದೆ. ಒಂದೇ ಒಂದನ್ನು ಕೂಡಿದರೂ ಕಳೆದರೂ ಅದು ಬೇರೆಯೇ ಸಂಖ್ಯೆ, ಅದರ ಗುಣವೂ ಬೇರೆ.

ಇದು ಚದುರಂಗದ ಮಣೆಯ ಸಂಖ್ಯೆ. ಕಥೆ ಎಲ್ಲರಿಗೂ ಗೊತ್ತಿರುವುದೇ. ಚದುರಂಗವನ್ನು ಕಂಡುಹಿಡಿದ ಜಾಣನಿಗೆ ರಾಜ ಬೇಕಾದ್ದು ಕೇಳು ಎಂದ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತ 64 ಮನೆ ತುಂಬಿಸಿಕೊಡಿ ಎಂದು ಅವನು ಬೇಡಿದ. ಹದಿಮೂರನೆಯ ಶತಮಾನದ ಅರಬ್ಬೀ ಲೇಖಕ ಇಬ್ನ್ ಖಲ್ಲಿಕಾನ್ ಈ ಕಥೆಯನ್ನು ಭಾರತದ ರಾಜನೊಬ್ಬನ ಆಸ್ಥಾನದ ಮೇಲಿಟ್ಟು ಬರೆದಿದ್ದಾನೆ. ಅರಬ್ಬರಲ್ಲಿ ಅದು ಗೋಧಿ ಕಾಳು, ನಮ್ಮಲ್ಲಿ ಹೇಳುವಾಗ ಅಕ್ಕಿ ಕಾಳು.

ಕಥೆ ಹೇಳುವವರು ಸಾಮಾನ್ಯವಾಗಿ ಸಂಖ್ಯೆಯ ಗಾತ್ರವನ್ನು ತೋರಿಸಿ ನಿಲ್ಲಿಸುತ್ತಾರೆ. ನಿಜವಾದ ಸೊಗಸು ಇರುವುದು ಗಾತ್ರದಲ್ಲಲ್ಲ, ಅದರ ಒಳಗಟ್ಟಿನಲ್ಲಿ.

ಚಮಚದಿಂದ ಎಂಟು ಅಡಿಯವರೆಗೆ

ಗಾತ್ರದ ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ. ಸಾವಿರ ಅಕ್ಕಿ ಕಾಳು ಸುಮಾರು 20 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳೋಣ. ಮೊದಲ ಸಾಲಿನ ಎಂಟು ಮನೆಗಳಿಗೆ ಬೇಕಾಗುವುದು 255 ಕಾಳು, ಅಂದರೆ ಒಂದು ಚಮಚ ಅಕ್ಕಿ. ಹದಿನಾರನೆಯ ಮನೆಗೆ 32,768 ಕಾಳು, ಮುಕ್ಕಾಲು ಕಿಲೋಗೂ ಕಡಿಮೆ. ಇಪ್ಪತ್ತೊಂದನೆಯ ಮನೆಗೆ 21 ಕಿಲೋ. ಅರ್ಧ ಮಣೆ ತುಂಬಿದಾಗ ಒಟ್ಟು 429 ಕೋಟಿ 49 ಲಕ್ಷ 67 ಸಾವಿರದ 295 ಕಾಳುಗಳು ಬಿದ್ದಿರುತ್ತವೆ. ತೂಕ ಸುಮಾರು 86 ಟನ್, ಎಂಟೊಂಬತ್ತು ಲಾರಿ ಲೋಡು. ರಾಜನ ಕಣಜಕ್ಕೆ ಅದೇನೂ ದೊಡ್ಡದಲ್ಲ.

ಉಳಿದರ್ಧದಲ್ಲಿ ಲೆಕ್ಕ ಕೈಮೀರುತ್ತದೆ. ಇಡೀ ಮಣೆಗೆ ಸುಮಾರು 36,900 ಕೋಟಿ ಟನ್ ಅಕ್ಕಿ ಬೇಕು. ಇಡೀ ಜಗತ್ತು ಇಂದು ವರ್ಷಕ್ಕೆ ಬೆಳೆಯುವ ಅಕ್ಕಿ 50 ಕೋಟಿ ಟನ್ನಿನ ಆಸುಪಾಸಿನಲ್ಲಿದೆ, ಅಂದರೆ ಇದು ಏಳು ನೂರು ವರ್ಷಗಳ ಬೆಳೆ. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕದ ಮೇಲೆ ಸಮನಾಗಿ ಹರಡಿದರೆ ಸುಮಾರು ಎಂಟು ಅಡಿ ದಪ್ಪದ ಅಕ್ಕಿಯ ಹಾಸು ಬೀಳುತ್ತದೆ. ಎತ್ತರದ ಆಳೂ ಅದರಲ್ಲಿ ಮುಳುಗಿಹೋಗುತ್ತಾನೆ.

ಇಷ್ಟು ದೊಡ್ಡದನ್ನು ಕನ್ನಡದಲ್ಲಿ ಓದುವುದು ಹೇಗೆ? ಕೋಟಿಯ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು. ಒಂದೇ ಉಸಿರಿಗೆ ಹೇಳುವುದು ಕಷ್ಟ.

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯನ ಬಳಿ ಇದಕ್ಕೆ ಸಿದ್ಧ ಹೆಸರಿತ್ತು. ಆತ ತನ್ನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತದಿಂದ ಹಿಡಿದು ಮಹಾಕ್ಷೋಭದವರೆಗೆ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಕೋಟಿಯ ಆಚೆಗೆ ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖಗಳು ಬರುತ್ತವೆ. ಇಪ್ಪತ್ತನೆಯ ಸ್ಥಾನದ ಹೆಸರು ಮಹಾಶಂಖ. ನಮ್ಮ ಸಂಖ್ಯೆಗೆ ಸರಿಯಾಗಿ ಇಪ್ಪತ್ತು ಅಂಕಿಗಳಿವೆ, ಎಡತುದಿಯ 1 ಕೂತಿರುವುದು ಮಹಾಶಂಖದ ಸ್ಥಾನದಲ್ಲಿಯೇ. ಇದು ಒಂದು ಮಹಾಶಂಖ ಮತ್ತು ಚಿಲ್ಲರೆ.

ಆರೇ ಗುಣಾಕಾರ

64 ಮನೆಗಳ ಕಾಳನ್ನು ಒಂದೊಂದಾಗಿ ಕೂಡಬೇಕಾಗಿಲ್ಲ. ಯಾವ ಮನೆಯನ್ನೇ ನೋಡಿ, ಅದರಲ್ಲಿರುವ ಕಾಳು ಅದರ ಹಿಂದಿನ ಎಲ್ಲ ಮನೆಗಳ ಒಟ್ಟು ಕಾಳಿಗಿಂತ ಒಂದು ಹೆಚ್ಚು. ನಾಲ್ಕನೆಯ ಮನೆಯಲ್ಲಿ 8 ಕಾಳು, ಹಿಂದಿನವು 1, 2, 4 ಸೇರಿ 7. ಮಣೆಯಲ್ಲಿ ಇಲ್ಲದ ಅರವತ್ತೈದನೆಯ ಮನೆಯೊಂದನ್ನು ಕಲ್ಪಿಸಿಕೊಂಡು, ಅದರ ಕಾಳಿನಲ್ಲಿ ಒಂದನ್ನು ಕಳೆದರೆ ಉತ್ತರ ಸಿಕ್ಕಿತು. ಆ ಮನೆಯ ಕಾಳು 2ರ 64ನೆಯ ಘಾತ.

ಎರಡನ್ನು ಅರವತ್ನಾಲ್ಕು ಸಲ ಗುಣಿಸಬೇಕಾದ ಕಷ್ಟವನ್ನು ಪಿಂಗಳ ಎಷ್ಟೋ ಶತಮಾನಗಳ ಹಿಂದೆಯೇ ತಪ್ಪಿಸಿದ್ದ. ಛಂದಶ್ಶಾಸ್ತ್ರದ ಪಿಂಗಳನಿಗೆ ಬೇಕಾಗಿದ್ದದ್ದು ಅಕ್ಕಿಯ ಲೆಕ್ಕವಲ್ಲ, ಪದ್ಯದ ಲೆಕ್ಕ. ಪ್ರೌಢಶಾಲೆಯಲ್ಲಿ ಪ್ರಸ್ತಾರ ಹಾಕಿ ಲಘು, ಗುರು ಗುರುತಿಸಿದವರಿಗೆಲ್ಲ ಅದರ ಪರಿಚಯವಿದೆ. ಪ್ರತಿ ಅಕ್ಷರ ಲಘುವಾದರೂ ಆಗಬಹುದು, ಗುರುವಾದರೂ ಆಗಬಹುದು. ಮೂರು ಅಕ್ಷರಕ್ಕೆ ಎಂಟು ಬಗೆ, ಅವೇ ನಮ್ಮ ಎಂಟು ಅಕ್ಷರಗಣಗಳು. ಅಕ್ಷರಗಳು ಹೆಚ್ಚಿದಂತೆ ಬಗೆಗಳು ದುಪ್ಪಟ್ಟಾಗುತ್ತ ಹೋಗುತ್ತವೆ.

ಪಿಂಗಳನ ಉಪಾಯ ಇಷ್ಟು: ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡು, ಬೆಸವಾಗಿದ್ದರೆ ಒಂದು ಕಳೆ. ಮುಗಿದ ಮೇಲೆ ಅದೇ ದಾರಿಯಲ್ಲಿ ವಾಪಸು ಬರುವಾಗ, ಅರ್ಧ ಮಾಡಿದಲ್ಲೆಲ್ಲ ವರ್ಗ ಮಾಡು, ಒಂದು ಕಳೆದಲ್ಲೆಲ್ಲ ಎರಡರಿಂದ ಗುಣಿಸು. 64 ಎಂಬುದು 32, 16, 8, 4, 2, 1 ಎಂದು ಆರು ಸಲ ನೇರವಾಗಿ ಅರ್ಧವಾಗುತ್ತದೆ. ಕೊನೆಯ 1 ಬೆಸವಾದ್ದರಿಂದ ಅಲ್ಲಿ ಒಂದು ಕಳೆಯಬೇಕು. ಹಾಗಾಗಿ ವಾಪಸು ಬರುವಾಗ 2ರಿಂದ ಹೊರಟು ಆರು ಸಲ ವರ್ಗ ಮಾಡಿದರೆ ಸಾಕು: 4, 16, 256, 65536, 4294967296, ಕೊನೆಗೆ 18446744073709551616. ವಿದ್ವಾಂಸ ಅಲ್ ಬಿರೂನಿ ಸುಮಾರು ಸಾವಿರ ವರ್ಷಗಳ ಹಿಂದೆ ತನ್ನ ಕಾಲಗಣನೆಯ ಗ್ರಂಥದಲ್ಲಿ ಚದುರಂಗದ ಮೊತ್ತವನ್ನು ಕೊನೆಯ ಅಂಕಿಯವರೆಗೂ ಸರಿಯಾಗಿ ಕೊಟ್ಟಿದ್ದು ಹೀಗೆ ವರ್ಗ ಮಾಡುತ್ತಲೇ.

ಕತ್ತರಿಯ ಆರು ಏಟು

ಕಟ್ಟಲು ಅರ್ಧ ಮಾಡುವ ದಾರಿ ಬಳಕೆಗೆ ಬಂತು. ಬಿಚ್ಚಲೂ ಅದೇ ದಾರಿ.

ಗಣಿತದ ಚೌಕುಳಿ ಪುಸ್ತಕದಿಂದ 64 ಚೌಕಗಳ ಉದ್ದನೆಯ ಪಟ್ಟಿಯೊಂದನ್ನು ಮಾಡಿಕೊಳ್ಳಿ. ಚದುರಂಗದ ಎಂಟು ಸಾಲುಗಳನ್ನು ಒಂದರ ಮುಂದೊಂದು ಜೋಡಿಸಿದಂತೆ. ಅದನ್ನು ನಡುವೆ ಕತ್ತರಿಸಿ, ಬಲಗಡೆಯ ತುಂಡನ್ನು ಎಡಗಡೆಯದರ ಮೇಲೆ ಇಡಿ. ಒಂದನೆಯ ಮನೆಯ ಮೇಲೆ ಮೂವತ್ಮೂರನೆಯದು, ಎರಡನೆಯದರ ಮೇಲೆ ಮೂವತ್ನಾಲ್ಕನೆಯದು ಬಂದು ಕೂರುತ್ತದೆ. ಪ್ರತಿ ಜೋಡಿಯಲ್ಲೂ ಮೇಲಿನ ಮನೆಯ ಕಾಳು ಕೆಳಗಿನದರ 4294967296 ಪಟ್ಟು. ಕೆಳಗಿನ ತುಂಡಿನ ಪಾಲು ಒಂದು, ಮೇಲಿನದರ ಪಾಲು 4294967296. ಎರಡೂ ಸೇರಿ ಕೆಳಗಿನ ತುಂಡಿನ 4294967297 ಪಟ್ಟು. ಹೀಗೆ ಒಂದು ಅಪವರ್ತನ ಕೈಗೆ ಬಂತು.

ಉಳಿದ 32 ಚೌಕದ ತುಂಡನ್ನು ಮತ್ತೆ ಅರ್ಧ ಮಾಡಿದರೆ 65537 ಸಿಗುತ್ತದೆ. 16 ಚೌಕದ್ದನ್ನು ಅರ್ಧ ಮಾಡಿದರೆ 257, ಎಂಟರದ್ದರಿಂದ 17, ನಾಲ್ಕರದ್ದರಿಂದ 5, ಎರಡರದ್ದರಿಂದ 3. ಕೊನೆಗೆ ಕೈಯಲ್ಲಿ ಉಳಿಯುವುದು ಒಂದೇ ಚೌಕ, ಅದರಲ್ಲಿ ಒಂದೇ ಕಾಳು. ಕತ್ತರಿಯ ಆರು ಏಟಿಗೆ ಮಹಾಶಂಖ ಬಿಚ್ಚಿಕೊಂಡಿತು: 3 × 5 × 17 × 257 × 65537 × 4294967297.

3ರಿಂದ ಭಾಗವಾಗುತ್ತದೆ ಎಂಬುದನ್ನು ಮಣೆಯ ಮೇಲೆಯೇ ಕಾಣಬಹುದು. ಹಾವು ಹರಿದ ಹಾಗೆ ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನ ಸಾಲು ಬಲದಿಂದ ಎಡಕ್ಕೆ ಕಾಳು ಹಾಕುತ್ತ ಹೋದರೆ ಬೆಸ ಮನೆಗಳೆಲ್ಲ ಒಂದೇ ಬಣ್ಣದವು, ಸಮ ಮನೆಗಳೆಲ್ಲ ಇನ್ನೊಂದು ಬಣ್ಣದವು. ಪ್ರತಿ ಸಮ ಮನೆಯಲ್ಲೂ ಅದರ ಹಿಂದಿನ ಬೆಸ ಮನೆಯ ಎರಡು ಪಟ್ಟು ಕಾಳು. ಒಂದು ಬಣ್ಣಕ್ಕೆ ಒಂದು ಪಾಲು, ಇನ್ನೊಂದಕ್ಕೆ ಎರಡು ಪಾಲು, ಒಟ್ಟು ಮೂರು ಪಾಲು. ಒಂದು ಪಾಲು ಎಷ್ಟೆಂದರೆ 6148914691236517205.

ಫರ್ಮಾನ ಊಹೆ, ಆಯ್ಲರನ 641

ಆ ಆರು ಸಂಖ್ಯೆಗಳಿಗೆ ಗಣಿತದಲ್ಲಿ ಒಂದು ಮನೆತನದ ಹೆಸರಿದೆ: ಫರ್ಮಾ ಸಂಖ್ಯೆಗಳು. ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ ಇವನ್ನು ಗಮನಿಸಿದ. 3, 5, 17, 257, 65537 ಐದೂ ಅವಿಭಾಜ್ಯಗಳು, ಅಂದರೆ ಒಂದು ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದವು. ಈ ಸಾಲಿನ ಸಂಖ್ಯೆಗಳೆಲ್ಲ ಅವಿಭಾಜ್ಯಗಳೇ ಎಂದು ಫರ್ಮಾ ನಂಬಿದ. ಆರನೆಯದಾದ 4294967297 ಅನ್ನು ಒಡೆದು ನೋಡುವುದು ಅವನ ಕಾಲಕ್ಕೆ ಸುಲಭದ ಕೆಲಸವಾಗಿರಲಿಲ್ಲ.

ಗಣಿತಜ್ಞ ಗೋಲ್ಡ್‌ಬಾಖ್ 1729ರಲ್ಲಿ ಈ ಊಹೆಯತ್ತ ಇನ್ನೊಬ್ಬ ಗಣಿತಜ್ಞ ಲಿಯೊನಾರ್ಡ್ ಆಯ್ಲರನ ಗಮನ ಸೆಳೆದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ: 4294967297 = 641 × 6700417. ಆತ ಕುರುಡಾಗಿ ಭಾಗಿಸುತ್ತ ಕೂರಲಿಲ್ಲ. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇದ್ದರೆ ಅದನ್ನು 64ರಿಂದ ಭಾಗಿಸಿದಾಗ ಶೇಷ ಒಂದೇ ಆಗಬೇಕು ಎಂಬುದನ್ನು ಕಂಡುಕೊಂಡ. ಅಂಥ ಅವಿಭಾಜ್ಯಗಳು 193, 257, 449, 577, 641 ಎಂದು ಸಾಗುತ್ತವೆ. ಐದನೆಯದಕ್ಕೇ ಬೀಗ ತೆರೆಯಿತು. ಚದುರಂಗದ 64 ಇಲ್ಲಿ ಮತ್ತೆ ಬಂದು ಕೂತಿದೆ.

641ರಿಂದ ಭಾಗವಾಗುತ್ತದೆ ಎಂದು ಭಾಗಾಕಾರ ಮಾಡದೆಯೇ ತೋರಿಸುವ ಜಾಣ ದಾರಿಯೊಂದಿದೆ. ಪೆನ್ಸಿಲ್ ಹಿಡಿದು ಕೂತರೆ ಹೈಸ್ಕೂಲಿನ ಮಕ್ಕಳಿಗೂ ಎಟಕುವಂಥದ್ದು. 641 ಅನ್ನು ಎರಡು ಬಗೆಯಲ್ಲಿ ಬರೆಯಬಹುದು. ಒಂದು, 640 + 1, ಅಂದರೆ 5 × 128 + 1. ಇನ್ನೊಂದು, 625 + 16. ಮೊದಲನೆಯದರ ಪ್ರಕಾರ 5 × 128 ಎಂಬುದು 641ಕ್ಕೆ ಒಂದು ಕಡಿಮೆ, ಅದರ ಶೇಷವನ್ನು ಋಣ ಒಂದು ಎನ್ನಬಹುದು. ಅದನ್ನು ನಾಲ್ಕು ಸಲ ಇಟ್ಟು ಗುಣಿಸಿದರೆ ಶೇಷ ಧನ ಒಂದಾಗುತ್ತದೆ. ಹಾಗೆ ಗುಣಿಸಿ ಬಂದದ್ದು 625 ಮತ್ತು 2ರ 28ನೆಯ ಘಾತದ ಗುಣಲಬ್ಧ. ಎರಡನೆಯ ಬಗೆಯ ಪ್ರಕಾರ 625ರ ಬದಲು ಋಣ 16 ಇಟ್ಟುಕೊಳ್ಳಬಹುದು. 16 ಎಂದರೆ 2ರ 4ನೆಯ ಘಾತ, 28 ಮತ್ತು 4 ಸೇರಿ 32. ಹಾಗಾದರೆ ಋಣ ಚಿಹ್ನೆಯ 2ರ 32ನೆಯ ಘಾತಕ್ಕೆ ಶೇಷ ಒಂದು. ಅಂದರೆ 2ರ 32ನೆಯ ಘಾತಕ್ಕೆ ಇನ್ನೊಂದು ಕೂಡಿಸಿದರೆ ಶೇಷವೇ ಉಳಿಯುವುದಿಲ್ಲ. ಆ ‘ಇನ್ನೊಂದು ಕೂಡಿಸಿದ’ ಸಂಖ್ಯೆಯೇ 4294967297.

ಈಗ ಚಿತ್ರ ಪೂರ್ತಿಯಾಯಿತು. ಮಹಾಶಂಖದ ಒಳಗಿರುವುದು ಏಳು ಅವಿಭಾಜ್ಯಗಳು: 3, 5, 17, 257, 641, 65537, 6700417. ಯಾವುದೂ ಎರಡು ಸಲ ಬಂದಿಲ್ಲ. ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು, ಥೇಟ್ ಲಘು ಗುರುವಿನಂತೆ. ಹಾಗಾಗಿ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 128. ಮೊದಲ ಸಾಲಿನ ಕೊನೆಯ ಮನೆಯಲ್ಲಿರುವ ಕಾಳೂ ಅಷ್ಟೇ.

ಅಕ್ಕಪಕ್ಕದ ಕೆಲವು ಸಂಖ್ಯೆಗಳು ಇಷ್ಟು ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ನಮ್ಮ ಸಂಖ್ಯೆಗಿಂತ ಎರಡು ಹೆಚ್ಚಿರುವ 18446744073709551617 ಫರ್ಮಾ ಸಾಲಿನ ಏಳನೆಯದು. ಅದರ ಅಪವರ್ತನಗಳಾದ 274177 ಮತ್ತು 67280421310721 ಅನ್ನು ಫ್ರಾನ್ಸಿನ ಫಾರ್ಚುನೆ ಲಾಂಡ್ರಿ 1880ರಲ್ಲಿ ಪ್ರಕಟಿಸಿದಾಗ ಅವನಿಗೆ 82 ವರ್ಷ. ಇನ್ನು ನಮ್ಮ ಸಂಖ್ಯೆಯಿಂದ 58 ಕೆಳಗಿಳಿದರೆ ಸಿಗುವ 18446744073709551557 ಅಪ್ಪಟ ಅವಿಭಾಜ್ಯ. ಅದಕ್ಕೆ ಯಾವ ಕತ್ತರಿಯೂ ನಾಟದು.

ಕೈವಾರ ಹಿಡಿದ ಹದಿನೆಂಟರ ಹುಡುಗ

ಫರ್ಮಾನ ಊಹೆ ಬಿದ್ದುಹೋಯಿತು, ಅವನ ಐದು ಅವಿಭಾಜ್ಯಗಳು ಮಾತ್ರ ಜ್ಯಾಮಿತಿಗೆ ಹೋಗಿ ಗಟ್ಟಿಯಾಗಿ ನೆಲೆಯೂರಿದವು. ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಎರಡನ್ನೇ ಬಳಸಿ ಎಲ್ಲ ಬಾಹುಗಳೂ ಕೋನಗಳೂ ಸಮನಾದ ತ್ರಿಭುಜ, ಪಂಚಭುಜಗಳನ್ನು ಬರೆಯುವುದು ಗ್ರೀಕರ ಕಾಲದಿಂದಲೂ ಗೊತ್ತಿತ್ತು. ಏಳು ಬಾಹುಗಳದ್ದು ಯಾರಿಗೂ ಬರುತ್ತಿರಲಿಲ್ಲ. 1796ರ ಮಾರ್ಚ್ 30ರಂದು ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಗೌಸ್ 17 ಬಾಹುಗಳ ಅಂಥದೇ ಆಕೃತಿಯನ್ನು ಹೀಗೆ ರಚಿಸಬಹುದು ಎಂದು ಕಂಡುಕೊಂಡ. ಆಗ ಅವನಿಗೆ ಹದಿನೆಂಟು ವರ್ಷ. ಎರಡು ಸಾವಿರ ವರ್ಷಗಳಲ್ಲಿ ಈ ಪಟ್ಟಿಗೆ ಬಂದ ಮೊದಲ ಹೊಸ ಸೇರ್ಪಡೆ ಅದು.

ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿದ್ದಾಗ ಮಾತ್ರ ರಚನೆ ಸಾಧ್ಯ. ಬೇರೆ ಯಾವುದಕ್ಕೂ ಸಾಧ್ಯವಿಲ್ಲ ಎಂಬ ಭಾಗವನ್ನು 1837ರಲ್ಲಿ ಪಿಯರ್ ವಾಂಟ್ಸೆಲ್ ಸಾಧಿಸಿದ. ಇಂದಿಗೂ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಐದೇ. ಅವುಗಳಿಂದ ಇಂಥ 31 ಆಕೃತಿಗಳು ಸಿಗುತ್ತವೆ. ಅವುಗಳಲ್ಲಿ ಅತಿ ದೊಡ್ಡದರ ಬಾಹುಗಳು 4294967295, ಮೇಲೆ ಕಂಡ ಅರ್ಧ ಮಣೆಯ ಕಾಳಿನಷ್ಟೇ. 65537 ಬಾಹುಗಳ ಆಕೃತಿಯ ರಚನೆಗಾಗಿ ಯೋಹಾನ್ ಗುಸ್ತಾವ್ ಹರ್ಮೆಸ್ ಹತ್ತು ವರ್ಷ ದುಡಿದ. ಆತ 1894ರಲ್ಲಿ ಮುಗಿಸಿದ ಆ ದೊಡ್ಡ ಹಸ್ತಪ್ರತಿ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿದೆ.

ಕಾಶಿಯ ಬಿಲ್ಲೆಗಳು, ಕಿಸೆಯ ಫೋನು

ಇದೇ ಸಂಖ್ಯೆ 1883ರಲ್ಲಿ ಆಟಿಕೆಯಾಗಿಯೂ ಬಂತು. ಫ್ರೆಂಚ್ ಗಣಿತಜ್ಞ ಎಡ್ವರ್ಡ್ ಲೂಕಾ ಹುಟ್ಟುಹಾಕಿದ ‘ಹನಾಯ್ ಗೋಪುರ’ದಲ್ಲಿ ಮೂರು ಕಂಬ, ಒಂದಕ್ಕಿಂತ ಒಂದು ಸಣ್ಣದಾದ ಬಿಲ್ಲೆಗಳು. ಬಿಲ್ಲೆಗಳನ್ನೆಲ್ಲ ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸುವಾಗ ಒಮ್ಮೆಗೆ ಒಂದೇ ಬಿಲ್ಲೆ ಎತ್ತಬೇಕು, ಸಣ್ಣದರ ಮೇಲೆ ದೊಡ್ಡದನ್ನು ಇಡಬಾರದು. ಆಟದ ಜೊತೆಗೆ ಒಂದು ಕಥೆಯೂ ಇತ್ತು. ಕಾಶಿಯ ದೇಗುಲದಲ್ಲಿ 64 ಚಿನ್ನದ ಬಿಲ್ಲೆಗಳನ್ನು ಅರ್ಚಕರು ಹಗಲಿರುಳು ವರ್ಗಾಯಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಎಂದು. ಕಾಶಿಯಲ್ಲಿ ಅಂಥ ದೇಗುಲವಿಲ್ಲ, ಲೆಕ್ಕ ಮಾತ್ರ ನಿಜ. ಒಂದು ಬಿಲ್ಲೆ ಹೆಚ್ಚಾದಾಗಲೆಲ್ಲ ನಡೆಗಳು ದುಪ್ಪಟ್ಟಾಗಿ ಮೇಲೊಂದು ಸೇರುತ್ತದೆ. 64 ಬಿಲ್ಲೆಗಳಿಗೆ ಬೇಕಾಗುವ ನಡೆಗಳು ಸರಿಯಾಗಿ 18446744073709551615. ಸೆಕೆಂಡಿಗೆ ಒಂದು ನಡೆಯಂತೆ 58,400 ಕೋಟಿ ವರ್ಷಗಳಿಗೂ ಹೆಚ್ಚು. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ.

ಈಗ ಈ ಸಂಖ್ಯೆ ಎಲ್ಲರ ಕಿಸೆಯಲ್ಲೂ ಇದೆ. ಕಂಪ್ಯೂಟರಿನ ದ್ವಿಮಾನ ಲಿಪಿಯಲ್ಲಿ ಇದನ್ನು ಬರೆದರೆ ಸಾಲಾಗಿ ಅರವತ್ನಾಲ್ಕು ಒಂದುಗಳು, ನಡುವೆ ಒಂದೂ ಸೊನ್ನೆಯಿಲ್ಲ. 64 ಬಿಟ್‌ನ ಫೋನು, ಕಂಪ್ಯೂಟರುಗಳು ಒಂದೇ ಗೂಡಿನಲ್ಲಿ ಇಟ್ಟುಕೊಳ್ಳಬಲ್ಲ ಅತಿ ದೊಡ್ಡ ಪೂರ್ಣಸಂಖ್ಯೆ ಇದೇ. ಇದಕ್ಕೆ ಒಂದು ಕೂಡಿದರೆ ಗೂಡು ತುಂಬಿ ಸೊನ್ನೆಗೆ ಮರಳುತ್ತದೆ.

ಅರ್ಧ ಮಣೆ ಸಾಲದು ಎಂಬುದು ಕಂಪ್ಯೂಟರ್ ಲೋಕಕ್ಕೂ ಅನುಭವದಿಂದಲೇ ತಿಳಿಯಿತು. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಗೆ 32 ಬಿಟ್ ಇಟ್ಟುಕೊಂಡಿದ್ದರು, ಹೆಚ್ಚೆಂದರೆ 429 ಕೋಟಿ ಚಿಲ್ಲರೆ ವಿಳಾಸಗಳು. ಕೇಂದ್ರ ದಾಸ್ತಾನಿನಲ್ಲಿದ್ದ ಕೊನೆಯ ಕಂತುಗಳು 2011ರ ಫೆಬ್ರವರಿಯಲ್ಲಿ ಹಂಚಿ ಮುಗಿದವು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ 32 ಬಿಟ್ ಗಡಿಯಾರಗಳಲ್ಲಿ ಒಂದು ಬಿಟ್ ಧನ, ಋಣದ ಚಿಹ್ನೆಗೆ ಹೋಗುವುದರಿಂದ, ಅವು 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಸಮಯ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಭರ್ತಿಯಾಗುತ್ತವೆ. 64 ಬಿಟ್‌ಗೆ ಬದಲಾಯಿಸಿದ ಗಡಿಯಾರಗಳು ಇನ್ನು 29,000 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಎಣಿಸಬಲ್ಲವು.

ತರಗತಿಗೊಂದು ಪಟ್ಟಿ

ಶಾಲೆಯಲ್ಲಿ ಅವಿಭಾಜ್ಯ, ಅಪವರ್ತನ, ಘಾತ, ಶೇಷ ಎಂಬ ಪಾಠಗಳು ಬೇರೆ ಬೇರೆ ತರಗತಿಗಳಲ್ಲಿ ಬಿಡಿಬಿಡಿಯಾಗಿ ಬರುತ್ತವೆ. ಎಲ್ಲವೂ ಒಂದೇ ಸಂಖ್ಯೆಯೊಳಗೆ ಕೂಡಿ ಬಾಳುವುದನ್ನು ನೋಡುವ ಅವಕಾಶ ಮಕ್ಕಳಿಗೆ ಸಿಗುವುದು ಅಪರೂಪ. ಚದುರಂಗದ ಕಥೆ ಹೇಳಿ, ಎಷ್ಟೊಂದು ಅಕ್ಕಿ ಎಂದು ಬೆರಗುಪಡಿಸಿ ಬಿಟ್ಟರೆ ಅರ್ಧ ಪಾಠವಷ್ಟೇ ಆಯಿತು.

ಗಣಿತದ ಮೇಷ್ಟ್ರುಗಳಲ್ಲಿ, ಮಿಸ್‌ಗಳಲ್ಲಿ ಒಂದು ಕೋರಿಕೆ. ಮುಂದಿನ ಸಲ ಈ ಕಥೆ ಹೇಳುವಾಗ ಕ್ಯಾಲ್ಕುಲೇಟರನ್ನು ಪಕ್ಕಕ್ಕಿಟ್ಟು, ಪ್ರತಿ ಮಗುವಿಗೂ ಎಂಟು ಚೌಕದ ಒಂದು ಕಾಗದದ ಪಟ್ಟಿ ಮತ್ತು ಕತ್ತರಿ ಕೊಡಿ. ಎಂಟು ಚೌಕಕ್ಕೆ ಬೇಕಾಗುವ ಕಾಳು 255, ಒಂದು ಚಮಚ ಅಕ್ಕಿ ಸಾಕು. ಮೂರು ಸಲ ಕತ್ತರಿಸಿದರೆ 17, 5, 3 ಮೂರೂ ಬೆಂಚಿನ ಮೇಲೆಯೇ ಸಿಗುತ್ತವೆ.